ಕಣ್ಣಿಗೆ ಹತ್ತಿರ, ಬಾಗಿಲಿಗೆ ದೂರ

ರಜೆಗೆ ಊರಿಗೆ ಹೋದಾಗ ಬಂಧುಗಳೂ ಸ್ನೇಹಿತರೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಜರ್ಮನಿಯಲ್ಲಿ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಾ?" ನಮ್ಮ ಕನ್ನಡ ಎಂಥ ಜಾಣ ಭಾಷೆ ನೋಡಿ! 'ನೋಡುವುದು' ಬೇರೆ, 'ನೋಡಿಕೊಳ್ಳುವುದು' ಬೇರೆ. ಇಲ್ಲಿ ನಮ್ಮನ್ನು ಎಲ್ಲರೂ ನೋಡುತ್ತಾರೆ. ಟ್ರಾಮಿನಲ್ಲಿ ನೋಡುತ್ತಾರೆ, ಅಂಗಡಿಯ ಸಾಲಿನಲ್ಲಿ ನೋಡುತ್ತಾರೆ, ಸೀರೆಯುಟ್ಟು ದೀಪಾವಳಿ ಕಾರ್ಯಕ್ರಮಕ್ಕೆ ಹೊರಟರಂತೂ ಬೀದಿಯೇ ನಿಂತು ನೋಡುತ್ತದೆ. ಆದರೆ ಆ 'ನೋಡು' ಎಂಬ ಮಾತಿಗೆ 'ಕೊಳ್ಳು' ಎಂಬ ಪುಟ್ಟ ಬಾಲ ಸೇರುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಕೆಲವೊಮ್ಮೆ ಸೇರುವುದೇ ಇಲ್ಲ.

ಇದು ಅವಮಾನವಲ್ಲ, ಆದ್ದರಿಂದ ದೂರು ಕೊಡುವಂತಿಲ್ಲ. ಮೆಟ್ಟಿಲಲ್ಲಿ ಸಿಕ್ಕ ನೆರೆಮನೆಯವರು ಹತ್ತು ವರ್ಷದಿಂದ ದಿನಾ ನಮಸ್ಕಾರ ಹೇಳುತ್ತಾರೆ. ನಮ್ಮ ಪಾರ್ಸೆಲ್ ಬಂದರೆ ತೆಗೆದಿಟ್ಟು ಜೋಪಾನವಾಗಿ ಕೊಡುತ್ತಾರೆ. ಆದರೆ ಅವರ ಮನೆಯೊಳಗಿನ ಗೋಡೆಗೆ ಯಾವ ಬಣ್ಣವೆಂಬುದು ನಮಗೆ ಗೊತ್ತಿಲ್ಲ. ಸಹೋದ್ಯೋಗಿಗಳು ನಮ್ಮ ಕೆಲಸವನ್ನು ಮೆಚ್ಚುತ್ತಾರೆ, ಊಟದ ಡಬ್ಬಿಯ ಚಿತ್ರಾನ್ನದ ಬಗ್ಗೆ ಕುತೂಹಲದಿಂದ ಕೇಳುತ್ತಾರೆ. ಶನಿವಾರದ ಹುಟ್ಟುಹಬ್ಬಕ್ಕೆ ಯಾರು ಯಾರು ಹೋಗಿದ್ದರೆಂಬುದು ನಮಗೆ ತಿಳಿಯುವುದು ಸೋಮವಾರ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ ಕಡತವನ್ನು ಓದುವ ಅನುಮತಿ ಇದೆ, ಬರೆಯುವ ಅನುಮತಿ ಇಲ್ಲ!

ಈ ಅನುಭವದ ಬಗ್ಗೆ ಗೊಣಗುವುದು ಸುಲಭ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಬಿಚ್ಚಿ ನೋಡುವುದು ನಮ್ಮಂಥ ಎಂಜಿನಿಯರುಗಳ ಚಾಳಿ. ಆ ಪ್ರಯತ್ನವೇ ಈ ಲೇಖನ.

ಬಂದವನಲ್ಲ, ಉಳಿದವನು

ಈ ಸ್ಥಿತಿಯ ಬಗ್ಗೆ ಮೊದಲು ಆಳವಾಗಿ ಯೋಚಿಸಿದವರಲ್ಲಿ ಒಬ್ಬರು ಜರ್ಮನಿಯವರೇ ಎಂಬುದು ಸ್ವಾರಸ್ಯದ ಸಂಗತಿ. 1858ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಗೇಯೋರ್ಗ್ ಸಿಮ್ಮೆಲ್ ಸಮಾಜಶಾಸ್ತ್ರದ ಆದ್ಯರಲ್ಲಿ ಒಬ್ಬರು. 1908ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು 'ಪರಕೀಯ'ನ ಬಗ್ಗೆ ಕೆಲವೇ ಪುಟಗಳ ಟಿಪ್ಪಣಿಯೊಂದನ್ನು ಸೇರಿಸಿದರು. ಗ್ರಂಥಕ್ಕಿಂತ ಹೆಚ್ಚು ಜನ ಓದಿದ್ದು ಆ ಟಿಪ್ಪಣಿಯನ್ನೇ! ಅದರ ಸಾರ ಇಷ್ಟು: ಬಂದು ಹೋಗುವ ಪ್ರವಾಸಿ ನಿಜವಾದ ಪರಕೀಯನಲ್ಲ. ಅವನನ್ನು ಊರು ಸಂಭ್ರಮದಿಂದ ನೋಡುತ್ತದೆ, ಮರೆಯುತ್ತದೆ. ಬಂದು, ಇಲ್ಲಿಯೇ ನೆಲೆಯೂರಿ, ಆದರೂ ಇಲ್ಲಿಯವನಾಗದೆ ಉಳಿದವನು ಪರಕೀಯ. ಅವನು ಏಕಕಾಲಕ್ಕೆ ಹತ್ತಿರದವನೂ ಹೌದು, ದೂರದವನೂ ಹೌದು. ಊರಿಗೆ ಅವನ ವ್ಯಾಪಾರ ಬೇಕು, ಅವನ ಲೆಕ್ಕಾಚಾರ ಬೇಕು. ಪಕ್ಷಪಾತವಿಲ್ಲದವನೆಂದು ಅವನ ಬಳಿ ಗುಟ್ಟನ್ನೂ ಹೇಳಿಕೊಳ್ಳುತ್ತದೆ. ಆದರೆ ಅವನನ್ನು ಒಬ್ಬ ವ್ಯಕ್ತಿಯಾಗಿ ಅಲ್ಲ, ಒಂದು ಬಗೆಯಾಗಿ ಗುರುತಿಸುತ್ತದೆ.

ಸಿಮ್ಮೆಲ್ ಇದನ್ನು ಪುಸ್ತಕ ಓದಿ ಬರೆದವರಲ್ಲ. ಅವರದು ಯಹೂದಿ ಮೂಲದ ಮನೆತನ. ಬರ್ಲಿನ್ನಿನಲ್ಲಿ ಅವರ ಉಪನ್ಯಾಸಗಳಿಗೆ ಜನ ಕಿಕ್ಕಿರಿದು ಸೇರುತ್ತಿದ್ದರು. ಆದರೂ 1908ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಅವರ ಕೈತಪ್ಪಿತು. ಪೂರ್ಣ ಪ್ರಾಧ್ಯಾಪಕ ಸ್ಥಾನ ಸಿಕ್ಕಿದ್ದು 1914ರಲ್ಲಿ, ಸ್ಟ್ರಾಸ್‌ಬರ್ಗಿನಲ್ಲಿ. ಆಗ ಅವರಿಗೆ ಐವತ್ತಾರು ವರ್ಷ. ಹುಟ್ಟಿದ ಊರಿನಲ್ಲೇ ಎಲ್ಲರ ಕಣ್ಣಿಗೂ ಬಿದ್ದು, ಬಾಗಿಲ ಹೊರಗೇ ನಿಂತವರು ಅವರು.

ಕೈ ಬೇಕು, ಆಳು ಬೇಡ

ಜರ್ಮನಿಗೆ ಈ ವಿಷಯದಲ್ಲಿ ಒಂದು ಇತಿಹಾಸವೇ ಇದೆ. ಯುದ್ಧಾನಂತರ ಕಾರ್ಖಾನೆಗಳಿಗೆ ಆಳು ಸಾಲದೆ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಕಾರ್ಮಿಕರನ್ನು ಕರೆಸುವ ಒಪ್ಪಂದಗಳಾದವು. ಅವರಿಗೆ ಇಟ್ಟ ಹೆಸರು 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕೆಲಸಗಾರ. ಅತಿಥಿಗೆ ಕೆಲಸ ಹಚ್ಚುವ ಪದ್ಧತಿ ನಮ್ಮ ಕಡೆ ಇಲ್ಲ, ಅದಿರಲಿ! 'ಅತಿಥಿ' ಎಂಬ ಮಾತಿನಲ್ಲೇ ಒಂದು ದಿನ ಹೊರಡಬೇಕು ಎಂಬ ಸೂಚನೆಯಿತ್ತು. 1973ರಲ್ಲಿ ನೇಮಕಾತಿ ನಿಲ್ಲುವವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಬಂದರು. ಸುಮಾರು 1 ಕೋಟಿ 10 ಲಕ್ಷ ಜನ ಮರಳಿದರು. ಉಳಿದವರೇ ಸಿಮ್ಮೆಲ್ ಹೇಳಿದ ಪರಕೀಯರಾದರು.

ನಮ್ಮ ನೆರೆಯ ಕೇರಳದ ದಾದಿಯರೂ 1960 ಮತ್ತು 70ರ ದಶಕಗಳಲ್ಲಿ ಕ್ಯಾಥೊಲಿಕ್ ಸಂಸ್ಥೆಗಳ ಮೂಲಕ ಇಲ್ಲಿನ ಆಸ್ಪತ್ರೆಗಳಿಗೆ ಬಂದರು. ಎಪ್ಪತ್ತರ ದಶಕದ ಕೊನೆಯಲ್ಲಿ ಕೆಲವು ರಾಜ್ಯಗಳು ಪರವಾನಗಿ ಮುಂದುವರಿಸದೆ ಹೋದಾಗ ಹಲವರು ಗಂಟುಮೂಟೆ ಕಟ್ಟಬೇಕಾಯಿತು. ರೋಗಿಯ ಹಾಸಿಗೆಯ ಪಕ್ಕ ರಾತ್ರಿಯೆಲ್ಲ ನಿಂತವರಿಗೂ ಊರಿನಲ್ಲಿ ನಿಲ್ಲುವ ಭರವಸೆ ಇರಲಿಲ್ಲ.

ನಮ್ಮ ಸರದಿ ಬಂದದ್ದು 2000ದಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಹ್ಯಾನೋವರಿನ ಸೆಬಿಟ್ ಮೇಳದಲ್ಲಿ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಕಂಪ್ಯೂಟರ್ ತಜ್ಞರಿಗಾಗಿ 'ಗ್ರೀನ್ ಕಾರ್ಡ್' ಘೋಷಿಸಿದರು. ಹೆಸರು ಅಮೆರಿಕದ್ದು, ಗುಣ ಮಾತ್ರ ಬೇರೆ: ಹೆಚ್ಚೆಂದರೆ ಐದು ವರ್ಷ, ಗರಿಷ್ಠ 20,000 ಜನ. ಘೋಷಣೆಯಾದದ್ದೇ ತಡ, ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆಯಲ್ಲಿ ವಿರೋಧಿ ನಾಯಕ ಯೂರ್ಗೆನ್ ರೂಟ್‌ಗೆರ್ಸ್ ಇದರ ವಿರುದ್ಧ ಪ್ರಚಾರಕ್ಕಿಳಿದರು. 'ಕಿಂಡರ್ ಷ್ಟಾಟ್ ಇಂಡರ್', ಅಂದರೆ 'ಭಾರತೀಯರ ಬದಲು ನಮ್ಮ ಮಕ್ಕಳು' ಎಂಬ ಪ್ರಾಸಬದ್ಧ ಘೋಷಣೆ ಮನೆಮಾತಾಯಿತು. ಅವರ ಪಕ್ಷ ಆ ಚುನಾವಣೆಯಲ್ಲಿ ಸೋತಿತು, ನಿಜ. ಆದರೆ ಇನ್ನೂ ವಿಮಾನ ಹತ್ತದ ನಮ್ಮವರು ಅಷ್ಟರಲ್ಲೇ ಒಂದು 'ಬಗೆ' ಆಗಿಬಿಟ್ಟಿದ್ದರು. ಪತ್ರಿಕೆಗಳಲ್ಲಿ ನಮಗೆ 'ಕಂಪ್ಯೂಟರ್ ಇಂಡರ್' ಎಂಬ ಹೆಸರು ಬಂತು. 2004ರ ಕೊನೆಗೆ ಯೋಜನೆ ಮುಗಿದಾಗ ಕೊಟ್ಟ ಕಾರ್ಡುಗಳು 18,000ದಷ್ಟೂ ಆಗಿರಲಿಲ್ಲ. ಅವುಗಳಲ್ಲಿ ನಾಲ್ಕನೆಯ ಒಂದು ಭಾಗದಷ್ಟು ಭಾರತೀಯರಿಗೆ ಸಂದಿದ್ದವು.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸಿದೆ. 2023ರ ಕೊನೆಗೆ ಇಲ್ಲಿದ್ದ ಭಾರತೀಯ ಪ್ರಜೆಗಳ ಸಂಖ್ಯೆ 2 ಲಕ್ಷ 40 ಸಾವಿರವನ್ನು ದಾಟಿತ್ತು. 2024ರ ಅಕ್ಟೋಬರಿನಲ್ಲಿ ಜರ್ಮನ್ ಸರ್ಕಾರ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಪ್ರಕಟಿಸಿತು. ಕರೆಯುವ ದನಿ ಜೋರಾಗಿದೆ. ಆದರೆ ವೀಸಾ ಗಡಿಯನ್ನು ದಾಟಿಸೀತು, ನೆರೆಮನೆಯ ಹೊಸ್ತಿಲನ್ನು ದಾಟಿಸಲಾರದು.

ತೆಂಗಿನಕಾಯಿಯ ಲೆಕ್ಕ

ಹಾಗಾದರೆ ಈ ದೂರವೆಲ್ಲ ತಿರಸ್ಕಾರವೇ? ಅಲ್ಲ. ಇದನ್ನು ವಿವರಿಸಿದವರು ಕುರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು. ಬರ್ಲಿನ್ನಿನಲ್ಲಿ ಪಾಠ ಹೇಳುತ್ತಿದ್ದ ಅವರು ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಯಹೂದಿಯಾದ ಕಾರಣ ಅಮೆರಿಕಕ್ಕೆ ಹೊರಟುಹೋದರು. ಎರಡೂ ದೇಶಗಳನ್ನು ಕಂಡ ಅನುಭವದಿಂದ 1936ರಲ್ಲಿ ಒಂದು ಪ್ರಬಂಧ ಬರೆದರು. ಮನುಷ್ಯನ ವ್ಯಕ್ತಿತ್ವ ಒಂದರೊಳಗೊಂದು ಇರುವ ಪದರಗಳಂತೆ ಎಂಬುದು ಅವರ ಕಲ್ಪನೆ. ಅಮೆರಿಕನ್ನರ ಹೊರಪದರಗಳು ಯಾರಿಗೂ ಸುಲಭವಾಗಿ ತೆರೆಯುತ್ತವೆ, ಒಳಗಿನ ತಿರುಳು ಮಾತ್ರ ಗಟ್ಟಿ. ಜರ್ಮನ್ನರಲ್ಲಿ ಗಟ್ಟಿ ಗೋಡೆ ಹೊರಗೇ ಇದೆ. ಅದನ್ನು ದಾಟಿದರೆ ಒಳಗೆ ಬಹಳ ದೂರ ಹೋಗಬಹುದು. ಮುಂದೆ ಬಂದವರು ಇದನ್ನೇ ಪೀಚ್ ಹಣ್ಣು ಮತ್ತು ತೆಂಗಿನಕಾಯಿಯ ಹೋಲಿಕೆಯಾಗಿ ಜನಪ್ರಿಯಗೊಳಿಸಿದರು.

ತೆಂಗಿನಕಾಯಿಯ ಬಗ್ಗೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಸಿಪ್ಪೆ ಸುಲಿಯಬೇಕು, ನಾರು ಬಿಡಿಸಬೇಕು, ಕರಟ ಒಡೆಯಬೇಕು. ಅವಸರಪಟ್ಟರೆ ಕೈಗೆ ಗಾಯ, ಕಾಯಿಗೇನೂ ಆಗದು!

ಮೊದಲ ಪದರ ಭಾಷೆಯದು. ನಮ್ಮ 'ನೀನು', 'ನೀವು' ಇದ್ದಂತೆ ಅವರಲ್ಲಿ 'ಡು' ಮತ್ತು 'ಝೀ' ಇವೆ. ನಮ್ಮಲ್ಲಿ 'ನೀವು' ಎಂಬುದು 'ನೀನು' ಆಗುವ ಗಳಿಗೆ ಯಾರ ಗಮನಕ್ಕೂ ಬರುವುದಿಲ್ಲ. ಎರಡು ಸಲ ಕಾಫಿ ಕುಡಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ವಯಸ್ಸಿನಲ್ಲಿ ಅಥವಾ ಸ್ಥಾನದಲ್ಲಿ ಹಿರಿಯರು 'ಇನ್ನು ಡು ಎನ್ನೋಣ' ಎಂದು ಬಾಯಿಬಿಟ್ಟು ಹೇಳುವುದು ವಾಡಿಕೆ. ಅಲ್ಲಿಯವರೆಗೆ ಇಪ್ಪತ್ತು ವರ್ಷದ ನೆರೆಯವರೂ ಒಬ್ಬರಿಗೊಬ್ಬರು 'ಝೀ'ಯೇ. ಸಾಫ್ಟ್‌ವೇರ್ ಕಚೇರಿಗಳಲ್ಲಿ ಈಗ ಮೊದಲ ದಿನದಿಂದಲೇ ಎಲ್ಲರೂ 'ಡು'. ಹೊಸದಾಗಿ ಬಂದ ನಮ್ಮ ಹುಡುಗರು ಇದನ್ನು ಸ್ನೇಹವೆಂದು ತಿಳಿದು, ಸಂಜೆ ಐದಕ್ಕೆ ಎಲ್ಲರೂ ತಮ್ಮ ತಮ್ಮ ದಾರಿ ಹಿಡಿದಾಗ ಪೆಚ್ಚಾಗುತ್ತಾರೆ. ಅದು ಕಚೇರಿಯ ಸಮವಸ್ತ್ರವೇ ಹೊರತು ಮನೆಯ ಬಟ್ಟೆಯಲ್ಲ.

ಎರಡನೆಯ ಪದರ 'ಫೆರೈನ್', ಅಂದರೆ ನೋಂದಾಯಿತ ಸಂಘ. ಏಳು ಜನ ಸೇರಿದರೆ ಸಂಘವೊಂದನ್ನು ನೋಂದಾಯಿಸಬಹುದೆಂದು ಇಲ್ಲಿನ ಕಾನೂನು ಹೇಳುತ್ತದೆ. ದೇಶದಲ್ಲಿ ಅಂಥ ಸಂಘಗಳು 6 ಲಕ್ಷದ ಆಸುಪಾಸಿನಲ್ಲಿವೆ. ಫುಟ್ಬಾಲು, ಹಾಡು, ತೋಟಗಾರಿಕೆ, ಪಾರಿವಾಳ ಸಾಕಣೆ, ಯಾವುದಕ್ಕಿಲ್ಲ ಸಂಘ? ಬೆಂಕಿ ಆರಿಸುವುದಕ್ಕೂ ಹೀಗೆಯೇ. ದೊಡ್ಡ ನಗರಗಳನ್ನು ಬಿಟ್ಟರೆ ಹೆಚ್ಚಿನ ಊರುಗಳಲ್ಲಿ ಅಗ್ನಿಶಾಮಕ ದಳ ಸ್ವಯಂಸೇವಕರದೇ. ದೇಶದಾದ್ಯಂತ ಅಂಥವರು ಸುಮಾರು ಹತ್ತು ಲಕ್ಷ. ನಾವು ಸ್ನೇಹಕ್ಕೆ ಮನೆಗೆ ಕರೆಯುತ್ತೇವೆ, ಅವರು ಸ್ನೇಹಕ್ಕೆ ಸಂಘಕ್ಕೆ ಹೋಗುತ್ತಾರೆ. ಜತೆಯಾಗಿ ಬೆಂಚು ಎತ್ತಿಟ್ಟು, ಕೇಕು ಮಾರಿ, ಲೆಕ್ಕ ಒಪ್ಪಿಸಿ, ಹೀಗೆ ನಾಲ್ಕೈದು ವರ್ಷವಾದ ಮೇಲೆ ಮನೆಯ ಬಾಗಿಲು ತೆರೆಯುತ್ತದೆ. ನಾವು ಬಾಗಿಲು ತಪ್ಪಿ ಗೋಡೆಗೆ ಬಡಿಯುತ್ತಿರುತ್ತೇವೆ, ಅಷ್ಟೆ.

ಎಲ್ಲವೂ ತೆಂಗಿನಕಾಯಿಯಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನ ಹಿತವಾಗಿರುತ್ತದೆ, ಆದರೆ ಅರ್ಧ ಸತ್ಯವಾಗಿರುತ್ತದೆ. ಇಲ್ಲಿ ಎರಡು ಬಗೆಯ ದೂರಗಳಿವೆ. ಒಂದು, ಜರ್ಮನ್ನರು ತಮ್ಮತಮ್ಮಲ್ಲೂ ಇಟ್ಟುಕೊಳ್ಳುವ ದೂರ. ಉತ್ತರದ ಹ್ಯಾಂಬರ್ಗಿನಿಂದ ದಕ್ಷಿಣದ ಹಳ್ಳಿಗೆ ಬಂದ ಜರ್ಮನ್ನನೂ ಇದನ್ನು ಅನುಭವಿಸುತ್ತಾನೆ. ಎರಡನೆಯದು, ನಮ್ಮ ಹೆಸರಿಗೂ ಬಣ್ಣಕ್ಕೂ ಮಾತ್ರ ಇಡುವ ದೂರ. ಮೊದಲನೆಯದು ಕಾಲ ಕಳೆದಂತೆ, ಜತೆಗೆ ಕೆಲಸ ಮಾಡಿದಂತೆ ಕಡಿಮೆಯಾಗುತ್ತದೆ. ಎರಡನೆಯದಕ್ಕೆ ನಾವು ಎಷ್ಟು ವರ್ಷದಿಂದ ಇಲ್ಲಿದ್ದೇವೆ ಎಂಬುದು ಲೆಕ್ಕಕ್ಕೇ ಇಲ್ಲ. ಇವೆರಡನ್ನು ಬೇರೆ ಮಾಡಿ ನೋಡುವುದೇ ಮುಖ್ಯ. ಎಲ್ಲವನ್ನೂ ದ್ವೇಷವೆಂದರೆ ಮನಸ್ಸು ಕಹಿಯಾಗುತ್ತದೆ. ಎಲ್ಲವನ್ನೂ 'ಅವರ ಸಂಸ್ಕೃತಿ' ಎಂದು ನುಂಗಿಕೊಂಡರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ.

ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ವ್ಯತ್ಯಾಸ ಗೊತ್ತು. ನಮ್ಮ ಉದ್ದದ ಹೆಸರು ಹೊತ್ತು ಹೋದ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಅದೇ ಮನೆಗೆ ಸಹೋದ್ಯೋಗಿಯೊಬ್ಬರು ಮರುದಿನ ಫೋನ್ ಮಾಡಿದರೆ 'ಬನ್ನಿ, ನೋಡಿ' ಎಂದರು. ಇದು ನಮ್ಮ ಭ್ರಮೆಯಲ್ಲ. 2017ರಲ್ಲಿ ಬವೇರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯೂ 'ಷ್ಪೀಗೆಲ್' ಪತ್ರಿಕೆಯೂ ಸೇರಿ ಕಾಲ್ಪನಿಕ ಹೆಸರುಗಳಲ್ಲಿ ಸುಮಾರು 20,000 ಬಾಡಿಗೆ ವಿಚಾರಣೆಗಳನ್ನು ಕಳುಹಿಸಿ ನೋಡಿದವು. ಬರೆದ ವಿಷಯದಲ್ಲಿ ವ್ಯತ್ಯಾಸವಿಲ್ಲ, ಬದಲಾದದ್ದು ಹೆಸರು. ಜರ್ಮನ್ ಹೆಸರಿನವರನ್ನು ಮನೆ ನೋಡಲು ಕರೆದ ಸಂದರ್ಭಗಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಅರಬ್ ಹೆಸರಿನವರಿಗೆ ಕರೆ ಬರಲಿಲ್ಲ. ಕೆಲಸದಲ್ಲೂ ಬಾಡಿಗೆಯಲ್ಲೂ ಇಂಥ ತಾರತಮ್ಯ ಸಲ್ಲದೆಂಬ ಕಾನೂನು 2006ರ ಆಗಸ್ಟಿನಿಂದ ಜಾರಿಯಲ್ಲಿದೆ. ದೂರು ಕೇಳುವ ಕೇಂದ್ರ ಕಚೇರಿಯೂ ಬರ್ಲಿನ್ನಿನಲ್ಲಿದೆ. ಆದರೆ ಬಾರದ ಉತ್ತರವನ್ನು ಸಾಕ್ಷಿಯಾಗಿ ತೋರಿಸುವುದು ಹೇಗೆ?

ನೋಟ ಹಲ್ಲೆಗೆ ತಿರುಗಿದ್ದೂ ಇದೆ. 2007ರ ಆಗಸ್ಟಿನಲ್ಲಿ ಸ್ಯಾಕ್ಸನಿಯ ಮ್ಯೂಗೆಲ್ನ್ ಎಂಬ ಪುಟ್ಟ ಪಟ್ಟಣದ ಜಾತ್ರೆಯ ರಾತ್ರಿ ಎಂಟು ಮಂದಿ ಭಾರತೀಯರನ್ನು ಗುಂಪೊಂದು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಹೋಯಿತು. ಪಿಜ್ಜಾ ಅಂಗಡಿಯೊಂದರಲ್ಲಿ ಹೊಕ್ಕು ಅವರು ಜೀವ ಉಳಿಸಿಕೊಂಡರು. ಇಂಥದ್ದು ನಿತ್ಯದ ಮಾತಲ್ಲ. ಆದರೆ ಒಮ್ಮೆ ನಡೆದದ್ದು ಹತ್ತು ವರ್ಷ ನಮ್ಮ ಹೆಜ್ಜೆಯನ್ನು ತೂಗಿಸುತ್ತದೆ. ರಾತ್ರಿಯ ರೈಲಿನಲ್ಲಿ ಯಾವ ಬೋಗಿಯಲ್ಲಿ ಕೂರಬೇಕೆಂದು ಲೆಕ್ಕ ಹಾಕುವುದು ನಮ್ಮವರಲ್ಲಿ ಅನೇಕರಿಗೆ ಅಭ್ಯಾಸವಾಗಿದೆ.

ಮಕ್ಕಳ ಪ್ರಶ್ನೆ

ನಾವೇನೋ ಬಂದವರು, ಆಯ್ಕೆ ನಮ್ಮದು. ಇಲ್ಲಿಯೇ ಹುಟ್ಟಿದ ಮಕ್ಕಳ ಗತಿ? ಅವರ ಜರ್ಮನ್ ನಮ್ಮ ಜರ್ಮನ್ನಿನಂತೆ ಮುಗ್ಗರಿಸುವುದಿಲ್ಲ. ಆದರೂ 'ಎಲ್ಲಿಯವಳು ನೀನು?' ಎಂದು ಕೇಳಿದಾಗ 'ಸ್ಟುಟ್‌ಗಾರ್ಟ್' ಎಂದರೆ ಪ್ರಶ್ನೆ ಮುಗಿಯುವುದಿಲ್ಲ. 'ಅದಲ್ಲ, ನಿಜವಾಗಿ ಎಲ್ಲಿಯವಳು?' ಎಂಬ ಎರಡನೆಯ ಪ್ರಶ್ನೆ ಕಾದಿರುತ್ತದೆ. ಕೇಳುವವರಲ್ಲಿ ಹೆಚ್ಚಿನವರದು ಬರಿಯ ಕುತೂಹಲ. ಆದರೆ ದಿನಕ್ಕೊಂದು ಹನಿ ಬಿದ್ದರೂ ಕಲ್ಲು ಸವೆಯುತ್ತದೆ. 2005ರ ಜನಗಣತಿ ಸಮೀಕ್ಷೆಯಿಂದ ಸರ್ಕಾರಿ ಅಂಕಿಅಂಶಗಳಲ್ಲಿ 'ವಲಸೆ ಹಿನ್ನೆಲೆಯವರು' ಎಂಬ ವರ್ಗ ಬಂದಿದೆ. ತಂದೆತಾಯಿಯರಲ್ಲಿ ಒಬ್ಬರು ಹುಟ್ಟಿನಿಂದ ಜರ್ಮನ್ ಪ್ರಜೆಯಾಗಿರದಿದ್ದರೂ ಸಾಕು, ಜರ್ಮನ್ ಪಾಸ್‌ಪೋರ್ಟಿನ ಮಗುವೂ ಆ ವರ್ಗಕ್ಕೆ ಸೇರುತ್ತದೆ.

ಪೌರತ್ವದ ಕಥೆಯೂ ಇಂಥದೇ. 2024ರ ಜೂನ್ ಕೊನೆಯಿಂದ ಜರ್ಮನಿ ಎರಡು ಪೌರತ್ವಗಳನ್ನು ಒಪ್ಪುತ್ತದೆ. ಎಂಟು ವರ್ಷದ ಬದಲು ಐದು ವರ್ಷ ವಾಸವಿದ್ದರೆ ಅರ್ಜಿ ಹಾಕಬಹುದು. ಆದರೆ ಭಾರತ ಎರಡನೆಯ ಪೌರತ್ವವನ್ನು ಒಪ್ಪುವುದಿಲ್ಲ. ಜರ್ಮನ್ ಪ್ರಜೆಯಾದ ಕನ್ನಡಿಗ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಓಸಿಐ ಕಾರ್ಡ್ ಹಿಡಿದು, ಮತದ ಹಕ್ಕಿಲ್ಲದೆ ಬೆಂಗಳೂರಿಗೆ ಇಳಿಯಬೇಕು. ಇಲ್ಲಿ 'ಇಂಡರ್', ಅಲ್ಲಿ 'ಫಾರಿನ್‌ನವರು'! ಅತ್ತ ದರಿ, ಇತ್ತ ಪುಲಿ ಎಂಬಷ್ಟು ಭಯಂಕರವಲ್ಲ. ಆದರೆ ಎರಡೂ ಮನೆಯಲ್ಲಿ ಜಗಲಿಯೇ ಗತಿ ಎಂದು ಒಮ್ಮೊಮ್ಮೆ ಅನ್ನಿಸದಿರದು.

ನಮ್ಮ ಮನೆಯ ಕನ್ನಡಿ

ಮಕ್ಕಳಿಗೆ ಬೀಳುವ ಆ ಎರಡನೆಯ ಪ್ರಶ್ನೆ ಜರ್ಮನಿಯಲ್ಲಿ ಮಾತ್ರ ಹುಟ್ಟಿದ್ದೆಂದು ತಿಳಿಯಬೇಕಿಲ್ಲ. ನಮ್ಮ ಕರ್ನಾಟಕದಲ್ಲೂ ಅದು ಚೆನ್ನಾಗಿಯೇ ಬದುಕಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಗಳನ್ನು ನೆನೆಯಿರಿ. ಆಫ್ರಿಕಾದಿಂದ ಅವರ ಪೂರ್ವಜರು ಬಂದು ಶತಮಾನಗಳೇ ಆದವು. ಅನೇಕರನ್ನು ಗುಲಾಮರನ್ನಾಗಿ ಹಡಗಿನಲ್ಲಿ ತಂದದ್ದು. ಮಾತು ಕನ್ನಡ, ಕೊಂಕಣಿ. ಊಟ, ಹಬ್ಬ ಎಲ್ಲ ಆ ನೆಲದ್ದೇ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆದರೂ ಬೆಂಗಳೂರಿಗೆ ಬಂದ ಸಿದ್ದಿ ಹುಡುಗನನ್ನು ನಾವು ಮೊದಲು ಕೇಳುವುದು 'ಯಾವ ದೇಶ?' ಎಂದು. ಅವನು ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟರೆ ಮೆಚ್ಚಿಕೊಳ್ಳುತ್ತೇವೆ! ನಮ್ಮ ಮಗಳ ಜರ್ಮನ್ ಭಾಷೆಯನ್ನು ಯಾರಾದರೂ ಮೆಚ್ಚಿದಾಗ ಅವಳಿಗೆ ಏಕೆ ಸಂತೋಷವಾಗುವುದಿಲ್ಲ ಎಂಬುದು ಆಗ ಅರ್ಥವಾಗುತ್ತದೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಗೆ ವಿಶೇಷ ರೈಲುಗಳಲ್ಲಿ ಹೊರಟರು. ನಿತ್ಯ ಕಾಣುವ ಆ ಮುಖಗಳಲ್ಲಿ ಎಷ್ಟು ಜನರ ಹೆಸರು ಬೆಂಗಳೂರಿಗೆ ಗೊತ್ತಿತ್ತು?

ಇದೇ ಕನ್ನಡಿಯಲ್ಲಿ ಇನ್ನೊಂದು ಮುಖವೂ ಕಾಣುತ್ತದೆ, ಅದು ಜರ್ಮನ್ ಮುಖ. 1832ರಲ್ಲಿ ಉತ್ತರ ಜರ್ಮನಿಯ ಕರಾವಳಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ನಮ್ಮ ನಾಡಿಗೆ ಬಂದರು. ಭಾರತೀಯರಿಗೆ ಭಾರತೀಯನಾಗಬೇಕೆಂಬ ಹಂಬಲ ಅವರದು. ಧರ್ಮಪ್ರಚಾರಕರಾಗಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ. ಊರಿನವರಿಗೆ ಅವರು ಬಿಳಿಯ ಪಾದ್ರಿ, ಮಿಷನ್ನಿನ ತಮ್ಮವರ ನಡುವೆಯೂ ಅವರದು ಬೇರೆಯದೇ ದಾರಿ. ಆದರೆ ಪಂಡಿತರ ಜತೆ ಕೂತು ಹಳಗನ್ನಡ ಓದಿದರು, ಶಬ್ದಮಣಿದರ್ಪಣ ಮತ್ತು ಛಂದೋಂಬುಧಿಗಳನ್ನು ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ನಿಘಂಟು ಅಚ್ಚಾಯಿತು. ಅದಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಿನಲ್ಲಿ ಅವರು ತೀರಿಕೊಂಡರು. ಇಂದು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಕನ್ನಡಿಗರಾರೂ ಕಿಟ್ಟೆಲರನ್ನು ಪರಕೀಯರೆನ್ನುವುದಿಲ್ಲ.

ಈ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಬ್ರಿಟಿಷರ ಕಾಲದಲ್ಲಿ ಬಂದ ಬಿಳಿಯರಿಗೆ ಬಾಡಿಗೆ ಮನೆಯ ಚಿಂತೆ ಇರಲಿಲ್ಲ. ಎಲ್ಲರೂ ನಿಘಂಟು ಬರೆಯಲೂ ಆಗದು. ಒಂದು ಊರಿಗೆ ಸೇರಲು 70,000 ಪದಗಳ ಸುಂಕ ತೆರಬೇಕೆಂದರೆ ಅದು ನ್ಯಾಯವೂ ಅಲ್ಲ. ನಾವು ಕಲಿಯಬಹುದಾದದ್ದು ಇಷ್ಟೇ: 'ನನ್ನನ್ನು ಒಳಗೆ ಕರೆಯಿರಿ' ಎಂಬ ಮಾತಿಗೆ ತೆರೆಯದ ಬಾಗಿಲು 'ಇದು ನಮ್ಮಿಬ್ಬರ ಕೆಲಸ' ಎಂಬ ಮಾತಿಗೆ ತೆರೆಯುತ್ತದೆ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಊರಿನ ಒಂದು ಸಂಘವನ್ನಾದರೂ ಸೇರೋಣ. ಅಗ್ನಿಶಾಮಕ ದಳವಾಗಲಿ, ಶಾಲೆಯ ಪೋಷಕರ ಸಮಿತಿಯಾಗಲಿ, ಚೆಸ್ ಕ್ಲಬ್ಬಾಗಲಿ. ಅತಿಥಿಯಾಗಿ ದೋಸೆ ಹುಯ್ದು ಕೊಟ್ಟು ಬರುವುದಲ್ಲ. ಕುರ್ಚಿ ಜೋಡಿಸಿ, ಲೆಕ್ಕಪತ್ರ ಬರೆಯುವ ಪಾಳಿಯಲ್ಲಿ ನಿಲ್ಲುವುದು. ಎರಡನೆಯದಾಗಿ, ಕಚೇರಿಯಲ್ಲಿ ಇಂಗ್ಲಿಷ್ ಸಾಕೆಂದರೂ ಜರ್ಮನ್ ಕಲಿಯೋಣ. ನಗೆಚಾಟಿಕೆಗಳು ಅನುವಾದವಾಗುವುದಿಲ್ಲ, ಸ್ನೇಹ ಹೆಚ್ಚಾಗಿ ಅಲ್ಲಿಯೇ ಶುರುವಾಗುತ್ತದೆ. ಮೂರನೆಯದಾಗಿ, ಎರಡನೆಯ ಬಗೆಯ ದೂರ ಎದುರಾದಾಗ ಸುಮ್ಮನಿರದೆ ಬರೆದಿಡೋಣ, ದಿನಾಂಕ ಗುರುತಿಸೋಣ, ಕಾನೂನು ಕೊಟ್ಟ ಬಾಗಿಲು ತಟ್ಟೋಣ. ತಾಳ್ಮೆ ತೆಂಗಿನಕಾಯಿಗೆ ಮದ್ದು, ಬೀಗಕ್ಕಲ್ಲ.

ಕೊನೆಯದು ನಮ್ಮ ನಮ್ಮಲ್ಲಿಯ ಮಾತು. ನಮ್ಮ ಯುಗಾದಿ, ರಾಜ್ಯೋತ್ಸವದ ಸಭಾಂಗಣಗಳಲ್ಲೂ ಗೋಡೆಯ ಬಳಿ ತಟ್ಟೆ ಹಿಡಿದು ಒಬ್ಬರೇ ನಿಂತವರು ಇರುತ್ತಾರೆ. ನಿನ್ನೆ ಬಂದ ವಿದ್ಯಾರ್ಥಿ ಇರಬಹುದು, ಭಾಷೆ ಬಾರದ ಸೊಸೆ ಇರಬಹುದು, ಕನ್ನಡತಿಯನ್ನು ಮದುವೆಯಾದ ಜರ್ಮನ್ ಅಳಿಯ ಇರಬಹುದು. ನಾವೂ ಅವರನ್ನು ನೋಡುತ್ತೇವೆ, ಮುಗುಳ್ನಗುತ್ತೇವೆ, ನಮ್ಮ ಗುಂಪಿಗೆ ಮರಳುತ್ತೇವೆ. 'ಯಾವ ಊರು?' ಎಂದು ಕೇಳಿ, ಯಾರ ಕಡೆಯವರೆಂದು ಅಳೆದು, ಅಲ್ಲಿಗೇ ಬಿಡುತ್ತೇವೆ. ಜರ್ಮನ್ನರ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಈ ಬಾಗಿಲಿನ ಅಗುಳಿ ಮಾತ್ರ ನಮ್ಮ ಕಡೆಗೇ ಇದೆ. ಈ ವರ್ಷದ ಊಟದ ಪಂಕ್ತಿಯಲ್ಲಿ ಗುರುತಿಲ್ಲದವರ ಪಕ್ಕದ ಎಲೆಯಲ್ಲಿ ಕೂತು, ಅವರ ಹೆಸರು ಕೇಳಿ, ಮುಂದಿನ ಭಾನುವಾರಕ್ಕೆ ಮನೆಗೆ ಕರೆಯೋಣ.